ಮೊದಲು ನೆಲ, ಆಮೇಲೆ ಲೇತ್

ನಮ್ಮ ಕಲಬುರಗಿಯಲ್ಲಿ ಗ್ಯಾರೇಜ್ ಅಂದ್ರೆ ಬೈಕ್ ರಿಪೇರಿ ಮಾಡೋ ಅಂಗಡಿ. ಮನೆಯಲ್ಲಿ ಕಾರು ನಿಲ್ಲಿಸೋ ಜಾಗಕ್ಕೆ ಪಾರ್ಕಿಂಗ್ ಅಂತೀವಿ. ಹಾಗಾಗಿ ಕೋಟನೂರಿನ ಮನೆಯ ಪಾರ್ಕಿಂಗನ್ನು ವರ್ಕ್‌ಶಾಪ್ ಮಾಡ್ತೀನಿ, ಲೇತ್ ಕೂಡಿಸ್ತೀನಿ ಅಂದಾಗ ಪಕ್ಕದ ಮನೆ ಕಾಕಾ ಕೇಳಿದ್ದು ಒಂದೇ ಪ್ರಶ್ನೆ: "ಯಾಕೋ ತಮ್ಮಾ, ಕಂಪನಿ ನೌಕರಿ ಹೋಯ್ತೇನು?"

ನಗು ಬಂತು. ಆದರೆ ಆ ಪ್ರಶ್ನೆಯನ್ನು ಕಾಕಾಗೆ ಕಲಿಸಿದವರು ನಾವೇ. ಕೈಗೆ ಗ್ರೀಸ್ ಹತ್ತೋದು ನೌಕರಿ ಇಲ್ಲದವರ ಪಾಡು ಅಂತ ನಂಬಿಕೊಂಡೇ ಎಂಜಿನಿಯರಿಂಗ್ ಓದಿದವರು ನಾವು. ಕಾಲೇಜಿನಲ್ಲಿ ಒಂದು ಲೇತ್ ಮುಂದೆ ಹತ್ತು ಮಂದಿ ನಿಂತು, ಒಬ್ಬ ಹ್ಯಾಂಡಲ್ ತಿರುಗಿಸಿ, ಉಳಿದ ಒಂಬತ್ತು ಮಂದಿ ರೆಕಾರ್ಡ್ ಬರೆದು ಪಾಸಾದೆವು. ಮೈಸೂರು ಕಿರ್ಲೋಸ್ಕರ್ ಹರಿಹರದಲ್ಲಿ ಶುರುವಾಗಿದ್ದು 1941ರಲ್ಲಿ, ಎಚ್‌ಎಂಟಿ ಬೆಂಗಳೂರಿನಲ್ಲಿ 1953ರಲ್ಲಿ. ಇಡೀ ದೇಶಕ್ಕೆ ಲೇತ್ ಮಾಡಿಕೊಟ್ಟ ರಾಜ್ಯ ಇದು. ಅದೇ ರಾಜ್ಯದ ನಾವು ಇವತ್ತು ಲೇತ್ ಅಂದ್ರೇನು ಅಂತ ಪರದೇಶದವರ ವಿಡಿಯೋ ನೋಡಿ ತಿಳ್ಕೋತಾ ಇದೀವಿ.

ಆದರೆ ಈ ಬರಹ ಕಾಕಾನ ವಿರುದ್ಧ ಅಲ್ಲ. ಆ ನಾಚಿಕೆ ದಾಟಿ ಬಂದು, ಈಗ ಮಷಿನ್ ಕೊಳ್ಳೋಕೆ ಹೊರಟಿರೋ ನನ್ನಂಥವರ ವಿರುದ್ಧ. ಗೆಳೆಯರ ವಾಟ್ಸ್ಆ್ಯಪ್ ಗುಂಪು ನೋಡಿ. ಹೊಸ ಲೇತ್‌ನ ಫೋಟೋ ಬರುತ್ತೆ, ಮೇಲೆ ಅರಿಶಿನ ಕುಂಕುಮ, ಚಕ್‌ಗೆ ಚೆಂಡು ಹೂವಿನ ಹಾರ. ಅರ್ಥಿಂಗ್ ಗುಂಡಿಯ ಫೋಟೋ ಯಾರೂ ಹಾಕಲ್ಲ. ನೆಲ ಅಗೆದು ಕಾಂಕ್ರೀಟ್ ಹಾಕಿದ ಫೋಟೋಗೆ ಒಂದು ಲೈಕೂ ಬೀಳಲ್ಲ. ದುಡಿಮೆಯನ್ನು ಕೀಳು ಅಂದವರು ನಮ್ಮ ಹಿರಿಯರು ಅಂತ ಬೈತೀವಿ. ನಾವು ಮಾಡ್ತಿರೋದೂ ಅದನ್ನೇ: ಹೊಳೆಯೋ ಮಷಿನ್ ನಮಗೆ ಬೇಕು, ಅದರ ಕೆಳಗಿನ ಕೆಲಸ ಬೇಡ.

ನಾನು ಮಾಡಿದ್ದೂ ಇದೇ ತಪ್ಪು. ಎರಡು ಕ್ವಿಂಟಲ್ ತೂಕದ ಬೆಂಚ್ ಲೇತ್ ತಂದೆ. ಸ್ಟ್ಯಾಂಡ್ ಸಮೇತ ಪಾರ್ಕಿಂಗಿನ ಟೈಲ್ಸ್ ಮೇಲೇ ನಿಲ್ಲಿಸಿದೆ. ಚಕ್‌ನಿಂದ 100 ಮಿ.ಮೀ. ಹೊರಗೆ ಬಂದಿದ್ದ ಒಂದು ರಾಡ್ ಹೊಡೆದು ನೋಡಿದರೆ ಆ ತುದಿಗೂ ಈ ತುದಿಗೂ 0.04 ಮಿ.ಮೀ. ವ್ಯತ್ಯಾಸ. ಕೂದಲೆಳೆಗಿಂತ ಸ್ವಲ್ಪ ಕಮ್ಮಿ. ಆದರೆ ಬೇರಿಂಗ್ ಕೂಡಿಸೋ ಶಾಫ್ಟ್‌ಗೆ ಅಷ್ಟು ತಪ್ಪು ಬೇಕಾದಷ್ಟಾಯಿತು. ಸ್ಟ್ಯಾಂಡಿನ ಕಾಲಿಗೆ ತಗಡಿನ ಚೂರು ಕೊಟ್ಟು ಸರಿ ಮಾಡಿದೆ. ಮಳೆಗಾಲ ಬಂತು, ಮತ್ತೆ ತಪ್ಪಿತು. ಲೇತ್ ಮಾರಿದವರನ್ನ ಬೈದೆ.

ಸೋದರಮಾವ ಶಹಾಬಾದದಲ್ಲಿ ಟರ್ನರ್ ಆಗಿದ್ದವರು. ಬಂದವರು ಲೇತ್ ಕಡೆ ನೋಡಲೇ ಇಲ್ಲ. ಹಿಮ್ಮಡಿಯಿಂದ ನೆಲ ಕುಟ್ಟಿದರು. ಒಂದು ಕಡೆ ಠಣ್, ಇನ್ನೊಂದು ಕಡೆ ಡಬ್. "ಮಷಿನ್ ಛಲೋ ಅದ ಅಳಿಯಾ. ನೆಲಾನೇ ಸುಳ್ಳ ಹೇಳ್ಲಕತ್ತದ."

ನಮ್ಮದು ಎರೆಭೂಮಿ. ತೊಗರಿಗೆ ಇದರಂಥ ಮಣ್ಣಿಲ್ಲ, ಲೇತ್‌ಗೆ ಇದರಂಥ ವೈರಿ ಇಲ್ಲ. ನೀರು ಕುಡಿದರೆ ಉಬ್ಬುತ್ತೆ, ಬೇಸಿಗೆಗೆ ಒಣಗಿ ಬಾಯಿ ಬಿಡುತ್ತೆ. ಮೇಲಿನ ನೆಲ ಒಂದು ಮೂಲೆಗೆ ಎದ್ದು ಇನ್ನೊಂದು ಮೂಲೆಗೆ ಕುಸಿಯುತ್ತೆ. ಸ್ಟ್ಯಾಂಡಿನ ಒಂದು ಕಾಲು ಎದ್ದರೆ ಲೇತ್‌ನ ಬೆಡ್ ತಿರುಚಿಕೊಳ್ಳುತ್ತೆ, ಟೂಲ್ ಸೀದಾ ಹೋಗಲ್ಲ. ಟೈಲ್ಸ್ ಆಗಲಿ, ನಮ್ಮ ಹೆಮ್ಮೆಯ ಶಹಾಬಾದ್ ಪರ್ಸಿ ಆಗಲಿ, ಕೆಳಗೆ ಪೊಳ್ಳಿದ್ದರೆ ಭಾರ ತಡೆಯೋದಿಲ್ಲ.

ಪರಿಹಾರ ದೊಡ್ಡ ವಿದ್ಯೆ ಏನಲ್ಲ. ಎರಡು ಅಡಿ ಕರಿಮಣ್ಣು ತೆಗೆಸಿ, ಪದರ ಪದರವಾಗಿ ಮುರುಮು ತುಂಬಿ, ನೀರು ಹೊಡೆದು ದಮ್ಮಸ್ಸು ಮಾಡಿ, ಕಬ್ಬಿಣ ಕಟ್ಟಿ ಆರು ಇಂಚು ಕಾಂಕ್ರೀಟ್. ಮನೆ ಗೋಡೆಗೆ ತಾಗದಂತೆ ಸುತ್ತಲೂ ಸಂದು. ಆಮೇಲೆ 28 ದಿನ ಕಾಯೋದು. ನಮಗೆ ಬರದಿರೋ ವಿದ್ಯೆ ಅದೊಂದೇ, ಕಾಯೋದು. ಅಷ್ಟಾದ ಮೇಲೂ ಮಳೆ ಶುರುವಾದಾಗ ಒಂದು ಸಲ, ಬೇಸಿಗೆ ನೆತ್ತಿಗೇರಿದಾಗ ಒಂದು ಸಲ ಲೆವೆಲ್ ಇಟ್ಟು ನೋಡಬೇಕು. ಗೌಂಡಿಯ ಲೆವೆಲ್ ಅಲ್ಲ, ಮೀಟರಿಗೆ 0.02 ಮಿ.ಮೀ. ತೋರಿಸೋ ಮಷಿನ್ ಲೆವೆಲ್.

ವಿಡಿಯೋದವರು ಇದನ್ನ ಯಾಕೆ ಹೇಳಲ್ಲ? ಅವರ ಊರೇ ಬೇರೆ. ಅವರು ಗೋಡೆಯೊಳಗೆ ಹತ್ತಿಯಂಥದ್ದು ತುಂಬಿಸೋದು ಹಿಮದ ಚಳಿಗೆ, ಹೀಟರ್ ಹಾಕಿಸೋದು ಮಷಿನ್ ಬೆಚ್ಚಗಿರಲಿ ಅಂತ. ನಮಗೆ ಮೇ ತಿಂಗಳಲ್ಲಿ 42, 43 ಡಿಗ್ರಿ. ಪಡುವಣಕ್ಕೆ ಶೆಟರ್, ಮೇಲೆ ಪತ್ರಾ ಇದ್ದರೆ ಅದು ವರ್ಕ್‌ಶಾಪ್ ಅಲ್ಲ, ರೊಟ್ಟಿ ಹಂಚು. ಅಳತೆಗೆ ಜಗತ್ತೆಲ್ಲ ಒಪ್ಪಿದ ಉಷ್ಣತೆ 20 ಡಿಗ್ರಿ. ನಲವತ್ತರಲ್ಲಿ 100 ಮಿ.ಮೀ. ಉಕ್ಕು ಸುಮಾರು 0.023 ಮಿ.ಮೀ. ಹಿಗ್ಗಿರುತ್ತೆ. ಮೈಕ್ರೋಮೀಟರೂ ಉಕ್ಕಿನದೇ, ಎರಡೂ ಒಂದೇ ಬಿಸಿಯಲ್ಲಿದ್ದರೆ ಜೊತೆಗೇ ಹಿಗ್ಗಿ ತಪ್ಪು ಹೊಂದಿಕೊಳ್ಳುತ್ತೆ. ಅಲ್ಯುಮಿನಿಯಂ ಮಾತ್ರ ಅದರ ಎರಡರಷ್ಟು ಹಿಗ್ಗೋದು, ಅಲ್ಲಿ ಮೋಸ ಹೋಗ್ತೀರಿ. ಹಾಗಾಗಿ ಎಸಿಗಿಂತ ಮೊದಲು ಮಾಳಿಗೆಗೆ ಬಿಳಿ ಸುಣ್ಣ, ಶೆಟರ್ ಮುಂದೆ ನೆರಳು, ಎದುರುಬದುರು ಗಾಳಿ. ಬಿಗಿ ಅಳತೆಯ ಕೆಲಸ ಬೆಳಿಗ್ಗೆ ಬೇಗ.

ಇನ್ನು ಕರೆಂಟು. ಇಲ್ಲಿ ತಪ್ಪಿದರೆ ಕೆಡೋದು ಶಾಫ್ಟ್ ಅಲ್ಲ, ಮನುಷ್ಯ. ಕೂಲರ್‌ನ ಪ್ಲಗ್ ಕಿತ್ತು ಅದೇ ಬೋರ್ಡಿಗೆ ಲೇತ್ ಹಾಕಿದವರನ್ನ ನಾನು ನೋಡಿದೀನಿ. ಬೇರೆಯದೇ ಲೈನ್ ಎಳೆಸಿ, ಅರ್ಥಿಂಗ್ ಪರೀಕ್ಷೆ ಮಾಡಿಸಿ, 30 ಮಿಲಿಆ್ಯಂಪ್‌ನ ಆರ್‌ಸಿಸಿಬಿ ಹಾಕಿಸಿ. ಕರೆಂಟ್ ಹೋಗಿ ಬಂದಾಗ ಮಷಿನ್ ತಾನಾಗೇ ತಿರುಗಬಾರದು, ಅದಕ್ಕೆ ನೋ-ವೋಲ್ಟ್ ಕಾಯಿಲ್ ಇರೋ ಸ್ಟಾರ್ಟರ್ ಬೇಕು. ಕರೆಂಟ್ ಹೋದಾಗ ನೀವು ಚಕ್‌ಗೆ ಕೀ ಸಿಕ್ಕಿಸಿ ಕೂತಿರ್ತೀರಿ, ಅದು ಬರೋ ಮುಂದೆ ನಿಮ್ಮನ್ನು ಕೇಳಿ ಬರಲ್ಲ. ಬೆಳಕೂ ಅಷ್ಟೇ. ಮೂರು ದವಡೆಯ ಚಕ್ ನಿಮಿಷಕ್ಕೆ 2000 ಸುತ್ತು ತಿರುಗಿದರೆ ಸೆಕೆಂಡಿಗೆ ನೂರು ಸಲ ಒಂದು ದವಡೆ ನಿಮ್ಮ ಕಣ್ಮುಂದೆ ದಾಟುತ್ತೆ. ಅಗ್ಗದ ಎಲ್‌ಇಡಿ ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ ನೂರು ಸಲ ಮಿನುಗುತ್ತೆ. ಎರಡೂ ಲೆಕ್ಕ ಕೂಡಿದರೆ ತಿರುಗ್ತಿರೋ ಚಕ್ ನಿಂತಂಗೆ ಕಾಣುತ್ತೆ. ಕೈ ಹಾಕಿದವರಿಗೆ ಬೆರಳು ಇರಲ್ಲ.

"ಇಷ್ಟೆಲ್ಲ ಯಾಕ್ರಿ? ಕಪನೂರಿನಲ್ಲಿ ಟರ್ನರ್ ಇದ್ದಾರಲ್ಲ, ಕೊಟ್ಟರೆ ಸಂಜೆಗೆ ಮಾಡಿಕೊಡ್ತಾರೆ" ಅಂತ ಒಬ್ಬ ಗೆಳೆಯ ಕೇಳಿದ. ಸರಿಯಾದ ಮಾತು. ದಾಲ್ ಮಿಲ್‌ನ ಶಾಫ್ಟ್ ಕೆಟ್ಟರೆ ಅವರ ಹತ್ತಿರವೇ ಹೋಗಿ, ಚೌಕಾಸಿ ಮಾಡದೆ ದುಡ್ಡು ಕೊಡಿ. ಮನೆಯ ವರ್ಕ್‌ಶಾಪ್‌ನಿಂದ ದುಡ್ಡು ಉಳಿಯುತ್ತೆ ಅಂತ ಯಾರಾದ್ರೂ ಹೇಳಿದರೆ ನಂಬಬೇಡಿ. ಅದು ಇರೋದು ಕಲಿಯೋಕೆ. ಆ ಟರ್ನರ್ ಕೈಯಲ್ಲಿ ಎಷ್ಟು ವಿದ್ಯೆ ಇದೆ ಅಂತ ಗೊತ್ತಾಗಬೇಕಾದರೆ ನೀವು ನಾಲ್ಕು ರಾಡ್ ಕೆಡಿಸಿರಬೇಕು. ನೋಡಿ ಕಲಿಯದ ನಾವು ಕೆಡಿಸಿಯಾದರೂ ಕಲಿಯಬೇಕಲ್ಲ.

ಆದ್ದರಿಂದ ನನ್ನ ಲೆಕ್ಕ ಇಷ್ಟೇ. ಕೈಯಲ್ಲಿ ನೂರು ರೂಪಾಯಿ ಇದ್ದರೆ ನಲವತ್ತು ಕೋಣೆಗೆ: ನೆಲ, ನೆರಳು, ಕರೆಂಟು, ಬೆಳಕು. ಇಪ್ಪತ್ತು ಅಳತೆ ಸಾಮಾನಿಗೆ, ಟೂಲ್‌ಗೆ. ಉಳಿದಷ್ಟರಲ್ಲಿ ಮಷಿನ್. ಅದು ಚಿಕ್ಕದಾದರೆ ಚಿಕ್ಕದೇ ಇರಲಿ. ಗಟ್ಟಿ ನೆಲದ ಮೇಲಿನ ಹಳೇ ಲೇತ್ ಟೈಲ್ಸ್ ಮೇಲಿನ ಹೊಸ ಲೇತ್‌ಗಿಂತ ನೆಟ್ಟಗೆ ಕೆಲಸ ಮಾಡುತ್ತೆ. ಕೋಣೆಯ ಒಳಗೊಂದು ಜೊತೆ ಚಪ್ಪಲಿ ಬೇರೆ ಇರಲಿ. ಲೋಹದ ಚೂರು ಹೊತ್ತು ಮನೆಯೊಳಗೆ ಹೋದರೆ ಬರಿಗಾಲಲ್ಲಿ ಓಡಾಡೋ ಮಕ್ಕಳಿಗೆ ಚುಚ್ಚುತ್ತೆ.

ನೆಲ ಒಣಗೋವರೆಗೆ ನಮ್ಮ ಲೇತ್ ತಾಡಪತ್ರಿ ಹೊದ್ದು ವರಾಂಡದಲ್ಲಿ ಕೂತಿತ್ತು. ಹೋಗೋರು ಬರೋರೆಲ್ಲ "ಮಷಿನ್ ಯಾವಾಗ ಚಾಲೂ?" ಅಂತ ಕೇಳೋರು. ಕೊನೆಗೆ ಅದು ಚಾಲೂ ಆಗಿ ಮಾಡಿದ ಮೊದಲ ಲೆಕ್ಕದ ಕೆಲಸ, ಕಾಕಾನ ಕೂಲರ್ ಫ್ಯಾನಿಗೆ ಒಂದು ಹಿತ್ತಾಳೆ ಬುಶ್. ಕಾಕಾ ಅದನ್ನ ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಈ ಸಲ ನೌಕರಿ ಬಗ್ಗೆ ಕೇಳಲಿಲ್ಲ.

"ನಮ್ಮ ಮೊಮ್ಮಗಗೂ ಇದು ಕಲಿಸ್ತೀಯೇನು ತಮ್ಮಾ?"

"ಬರಲಿ ಕಾಕಾ. ಆದ್ರ ಮೊದಲ ತಿಂಗಳು ಕಸಬರಿಗಿ ಅವನ ಕೈಯಾಗೇ ಇರ್ತದ."