ಟೈರಿನ ಬಾಳಿಕೆ, ಯಾರ ಖರ್ಚಿನಲ್ಲಿ?

ಬಾದಾಮಿ ಹತ್ತಿರದ ಶಿವಯೋಗಮಂದಿರದ ಮುಂದೆ ಕಾರು ನಿಲ್ಲಿಸಿ ಒಳಗೆ ಹೋದವರು ಗದ್ದುಗೆ ದರ್ಶನ, ಪ್ರಸಾದ ಮುಗಿಸಿ, ವಿಭೂತಿ ಗಟ್ಟಿ ಕಟ್ಟಿಸಿಕೊಂಡು ಹೊರಬರುವವರೆಗೆ ಡ್ರೈವರುಗಳಿಗೆ ಮಾತೇ ಕೆಲಸ. ಈಚೆಗೆ ಅಲ್ಲಿ ಕಿವಿಗೆ ಬಿದ್ದ ಮಾತಿದು: ‘ಕರೆಂಟ್ ಗಾಡಿ ತಗೊಂಡು ಪೆಟ್ರೋಲಿನಾಗ ಉಳಿಸಿದ್ದನ್ನೆಲ್ಲಾ ಟೈರಿಗೆ ಸುರೀಬೇಕ್ರಿ. ಎಂಬತ್ತ ಸಾವಿರ ಓಡೋ ಗಟ್ಟಿ ಟೈರ್ ಹಾಕಿಸಿಬಿಡ್ರಿ, ಚಿಂತಿ ಇಲ್ಲ.’ ಸುತ್ತ ನಿಂತವರೆಲ್ಲ ತಲೆದೂಗಿದರು. ಈ ಮಾತಿನ ಮೊದಲರ್ಧದಲ್ಲಿ ಲೆಕ್ಕ ತಪ್ಪಿದೆ, ಉಳಿದರ್ಧದಲ್ಲಿ ಅಪಾಯವಿದೆ. ಭಾರದ ಎಲೆಕ್ಟ್ರಿಕ್ ಕಾರಿಗೆ ಹೊಸ ಟೈರ್ ಆರಿಸುವಾಗ ಬಾಳಿಕೆ ಮೂರನೆಯ ಪ್ರಶ್ನೆ ಎಂಬುದು ನನ್ನ ವಾದ. ಭಾರ ಹೊರುವ ತಾಕತ್ತು ಮೊದಲನೆಯದು, ಒದ್ದೆ ರಸ್ತೆಯ ಮೇಲಿನ ಹಿಡಿತ ಎರಡನೆಯದು.

ಲೆಕ್ಕವನ್ನು ಮೊದಲು ಮುಗಿಸೋಣ. ನಾಲ್ಕು ಟೈರಿಗೆ 32,000 ರೂಪಾಯಿ ಎಂದುಕೊಳ್ಳಿ. ಪೆಟ್ರೋಲ್ ಕಾರಿನಲ್ಲಿ ಅವು 45,000 ಕಿ.ಮೀ. ಓಡಿದರೆ ಕಿಲೋಮೀಟರಿಗೆ 71 ಪೈಸೆ. ಎಲೆಕ್ಟ್ರಿಕ್ ಕಾರಿನಲ್ಲಿ 30,000ಕ್ಕೇ ಸವೆದರೆ 1 ರೂಪಾಯಿ 7 ಪೈಸೆ. ನಷ್ಟ 36 ಪೈಸೆ. ಲೀಟರಿಗೆ 15 ಕಿ.ಮೀ. ಕೊಡುವ ಕಾರು ಕಿಲೋಮೀಟರಿಗೆ ಸುಮಾರು 7 ರೂಪಾಯಿ ಪೆಟ್ರೋಲ್ ಕುಡಿಯುತ್ತದೆ. ಒಂದು ಯೂನಿಟ್‌ಗೆ ಆರೇಳು ಕಿ.ಮೀ. ಹೋಗುವ ಎಲೆಕ್ಟ್ರಿಕ್ ಕಾರಿಗೆ ಮನೆಯಲ್ಲಿ ಚಾರ್ಜ್ ಮಾಡಿದರೆ ರೂಪಾಯಿಯ ಆಸುಪಾಸು, ಹೆದ್ದಾರಿಯ ಫಾಸ್ಟ್ ಚಾರ್ಜರಿನಲ್ಲಿ ಯೂನಿಟ್‌ಗೆ 20 ರೂಪಾಯಿ ತೆತ್ತರೂ 3 ರೂಪಾಯಿ. ಉಳಿತಾಯವನ್ನೆಲ್ಲ ಟೈರು ನುಂಗುವ ಮಾತೇ ಇಲ್ಲ.

ಟೈರು ಬೇಗ ಸವೆಯುವುದು ಮಾತ್ರ ನಿಜ. ಬ್ಯಾಟರಿಯಿಂದಾಗಿ ಭಾರ ಹೆಚ್ಚು. ಮೋಟಾರು ತನ್ನ ಪೂರ್ತಿ ಎಳೆತವನ್ನು ನಿಂತಲ್ಲಿಂದಲೇ ಕೊಡುತ್ತದೆ. ಎಕ್ಸಲರೇಟರ್ ಒತ್ತಿದ ಕ್ಷಣವೇ ರಬ್ಬರು ಡಾಂಬರನ್ನು ಉಜ್ಜುತ್ತದೆ. ಕಾಲು ತೆಗೆದಾಗ ಅದೇ ಮೋಟಾರು ಬ್ರೇಕಿನಂತೆ ಹಿಂದಕ್ಕೆಳೆದು ಬ್ಯಾಟರಿ ತುಂಬಿಸಿಕೊಳ್ಳುತ್ತದೆ. ಟಾಟಾ ನೆಕ್ಸಾನ್‌ನಂಥ ಎಲೆಕ್ಟ್ರಿಕ್ ಕಾರಿನಲ್ಲಿ ಮೋಟಾರಿರುವುದು ಮುಂದೆ, ಆದ್ದರಿಂದ ಎಳೆಯುವುದೂ ಹಿಡಿಯುವುದೂ ತಿರುಗಿಸುವುದೂ ಮುಂದಿನ ಎರಡೇ ಟೈರು. ಹಿಂದಿನವು ಹೊಸದರಂತಿರುವಾಗ ಮುಂದಿನವು ಬೋಳಾಗಿದ್ದರೆ ತಪ್ಪು ಟೈರಿನದಲ್ಲ, ಎಂಟ್ಹತ್ತು ಸಾವಿರಕ್ಕೊಮ್ಮೆ ಹಿಂದುಮುಂದು ಬದಲಿಸದವರದು.

ಇನ್ನು ‘ಗಟ್ಟಿ ಟೈರ್’. ಗಟ್ಟಿಯ ಹಟಕ್ಕೆ ನಮ್ಮಲ್ಲಿ ಹಳೆಯ ಉದಾಹರಣೆಯೊಂದಿದೆ: ಚಕ್ಕಡಿಯ ಗಾಲಿ. ಕಬ್ಬಿಣದ ಪಟ್ಟಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಎತ್ತಿ ಕಟ್ಟಿಗೆಯ ಗಾಲಿಗೆ ತೊಡಿಸಿ, ಹೊಗೆಯೇಳುತ್ತಿದ್ದಂತೆ ನೀರು ಸುರಿದರೆ ಪಟ್ಟಿ ಕುಗ್ಗಿ ಗಾಲಿಯನ್ನು ಬಿಗಿಯುತ್ತದೆ. ಬಾಳಿಕೆಯಲ್ಲಿ ಅದನ್ನು ಮೀರಿಸುವ ಟೈರು ಇನ್ನೂ ಹುಟ್ಟಿಲ್ಲ. ಪಂಚರ್ ಇಲ್ಲ, ಗಾಳಿಯ ಗೊಡವೆಯಿಲ್ಲ, ಜಾಲಿಮುಳ್ಳಿನ ಹೆದರಿಕೆಯಿಲ್ಲ. ಹಾಗಾದರೆ ಅದರ ಬಾಳಿಕೆಯ ಬೆಲೆ ತೆತ್ತವರು ಯಾರು? ಹಾದಿ ತೆತ್ತಿತು, ಆಳವಾದ ಗಾಲಿಜಾಡು ಬಿದ್ದು. ಎತ್ತು ತೆತ್ತಿತು, ಹೆಗಲ ಮೇಲೆ ಬಾವು ಬಂದು. ಬೆಂಗಳೂರು ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿ ಇದನ್ನು ಹಿಡಿದುಕೊಂಡು 1970–80ರ ದಶಕಗಳಲ್ಲಿ ದೇಶವೆಲ್ಲ ಓಡಾಡಿದರು. ಮ್ಯಾನೇಜ್‌ಮೆಂಟ್ ಕಲಿಸುವವರು ಎತ್ತಿನ ಗಾಡಿಯ ಬಗ್ಗೆ ಮಾತಾಡುವುದು ಆಗಿನ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಗಾಡಿ ಹಗುರಾಗಲಿ, ಗಾಲಿಗೆ ಬೇರಿಂಗ್ ಬರಲಿ, ನೊಗ ಸುಧಾರಿಸಲಿ, ಪ್ರಾಣಿಯ ನೋವು ಇಳಿಯಲಿ ಎಂಬುದು ಅವರ ಹಂಬಲ. ರಬ್ಬರ್ ಟೈರಿನ ಗಾಡಿ ಬಂದಾಗ ಜನ ಅದಕ್ಕೆ ‘ಡನ್ಲಪ್ ಗಾಡಿ’ ಎಂದೇ ಹೆಸರಿಟ್ಟರು. ಕಬ್ಬಿಣದಷ್ಟು ಬಾಳಲಿಲ್ಲ ಅದು, ಸವೆಯಿತು, ಪಂಚರಾಯಿತು, ಖರ್ಚು ತಂದಿತು. ಗಟ್ಟಿ ರಸ್ತೆಯ ಮೇಲೆ ಮಾತ್ರ ಎತ್ತು ಅದೇ ಭಾರವನ್ನು ಎಷ್ಟೋ ಹಗುರಾಗಿ ಎಳೆಯಿತು. ಸವೆಯುವುದು ಟೈರಿನ ದೋಷವಲ್ಲ, ಕೆಲಸ. ತಾನು ಸವೆಯದ ಗಾಲಿ ಬೇರೆ ಯಾರನ್ನೋ ಸವೆಸುತ್ತದೆ.

ಕಾರಿನಲ್ಲಿ ಆ ಬೇರೆಯವರು ಎದುರಿಗೆ ಬರುವವರು. ಡಾಂಬರಿನ ಸಣ್ಣ ಉಬ್ಬುತಗ್ಗುಗಳಿಗೆ ರಬ್ಬರು ತಗ್ಗಿ ಹೊಂದಿಕೊಂಡಾಗ ಹಿಡಿತ ಹುಟ್ಟುತ್ತದೆ. ಗಡುಸು ರಬ್ಬರು ಹೊಂದಿಕೊಳ್ಳುವುದು ಕಡಿಮೆ, ಸವೆಯುವುದೂ ಕಡಿಮೆ. ಈ ಭಾಗದಲ್ಲಿ ಏಪ್ರಿಲ್ ತಿಂಗಳ 40 ಡಿಗ್ರಿಯ ಒಣ ರಸ್ತೆಯಲ್ಲಿ ಈ ಕೊರತೆ ಗೊತ್ತೇ ಆಗುವುದಿಲ್ಲ. ಮುಂಗಾರಿನ ಮೊದಲ ಮಳೆ ಬರಲಿ. ಎರಿ ಹೊಲದಿಂದ ಟ್ರ್ಯಾಕ್ಟರುಗಳು ಹೊತ್ತು ತಂದ ಕರಿಮಣ್ಣು, ತಿಂಗಳುಗಟ್ಟಲೆ ಸೋರಿದ ಎಣ್ಣೆ, ಧೂಳು ಎಲ್ಲ ಕಲಸಿ ಡಾಂಬರಿನ ಮೇಲೆ ಹರಡಿದಾಗ, ಕಬ್ಬಿನ ಟ್ರೇಲರ್ ಹಿಂದೆ ಒಂದೂವರೆ ಟನ್ ಕಾರನ್ನು ನಿಲ್ಲಿಸಬೇಕಾಗಿ ಬಂದರೆ ನಿಮ್ಮ ಎಂಬತ್ತು ಸಾವಿರ ಕಿಲೋಮೀಟರಿನ ಹೆಮ್ಮೆ ಯಾವ ಕೆಲಸಕ್ಕೂ ಬಾರದು. ಕೇಂದ್ರ ಸರ್ಕಾರ 2022ರಲ್ಲಿ ಟೈರುಗಳಿಗೆ ಕಡ್ಡಾಯ ಮಾಡಿದ ಗುಣಗಳು ಮೂರು: ಉರುಳುವಾಗಿನ ತಡೆ, ಒದ್ದೆಯಲ್ಲಿನ ಹಿಡಿತ, ಸದ್ದು. ಬಾಳಿಕೆ ಆ ಪಟ್ಟಿಯಲ್ಲಿಲ್ಲ. ಬಾಳಿಕೆ ಕೊಂಡವನ ಲಾಭ, ಹಿಡಿತ ರಸ್ತೆಯಲ್ಲಿರುವ ಎಲ್ಲರ ಪಾಲು.

ನಾನು ಗೌರವಿಸುವ ಎದುರು ವಾದವೊಂದಿದೆ. ಸವೆದ ರಬ್ಬರು ಎಲ್ಲಿಗೆ ಹೋಗುತ್ತದೆ ಎಂದು ಅದು ಕೇಳುತ್ತದೆ. ರಸ್ತೆಯ ಪುಡಿ ಮಳೆಯಲ್ಲಿ ತೊಳೆದು ಹಳ್ಳಕ್ಕೆ, ಹಳ್ಳದಿಂದ ಮಲಪ್ರಭೆಗೆ, ಕೂಡಲಸಂಗಮದಲ್ಲಿ ಕೃಷ್ಣೆಗೆ. ಟೈರು ಒಡೆಯದಿರಲೆಂದು ಬೆರೆಸುವ 6ಪಿಪಿಡಿ ಎಂಬ ರಾಸಾಯನಿಕ ಗಾಳಿಯ ಓಝೋನಿನೊಡನೆ ಬೆರೆತು ಇನ್ನೊಂದು ವಿಷವಾಗಿ, ಅಮೆರಿಕದ ಪಶ್ಚಿಮ ಕರಾವಳಿಯ ತೊರೆಗಳಲ್ಲಿ ಕೊಹೊ ಸಾಲ್ಮನ್ ಮೀನುಗಳನ್ನು ಕೊಲ್ಲುತ್ತಿದೆಯೆಂದು 2020ರ ಡಿಸೆಂಬರಿನಲ್ಲಿ ಸಂಶೋಧಕರು ತೋರಿಸಿದರು. ಯುರೋಪ್ ಒಕ್ಕೂಟ 2024ರ ಯುರೋ 7 ನಿಯಮದಲ್ಲಿ ಟೈರಿನ ಸವೆತಕ್ಕೂ ಮಿತಿ ತಂದಿದೆ. ಹೊಗೆ ಉಗುಳದ ಕಾರು ರಬ್ಬರ್ ಪುಡಿ ಉಗುಳುತ್ತಿದ್ದರೆ ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಕಡಿಮೆ ಸವೆಯುವ ಟೈರು ಬೇಕು, ಒಪ್ಪಿದೆ. ಅದಕ್ಕೆ ದಾರಿ ಗಡುಸುತನ ಒಂದೇ ಅಲ್ಲ. 1990ರ ದಶಕದಿಂದ ರಬ್ಬರಿಗೆ ಸಿಲಿಕಾ ಬೆರೆಸುವ ವಿದ್ಯೆ ಬೆಳೆದು, ಒದ್ದೆ ಹಿಡಿತ ಬಿಟ್ಟುಕೊಡದೆ ಉರುಳುವ ತಡೆ ಇಳಿಸುವುದು ಸಾಧ್ಯವಾಗಿದೆ. ಹಿಡಿತ, ಮೈಲೇಜು, ಬಾಳಿಕೆ ಮೂರೂ ಇರುವ ಟೈರಿಗೆ ಬೆಲೆ ಹೆಚ್ಚು. ಕೊಡಲಾದವರು ಕೊಡಲಿ, ಆಗದವರು ಮೂರರಲ್ಲಿ ಒಂದನ್ನು ಬಿಡಬೇಕಾದರೆ ಬಾಳಿಕೆಯನ್ನು ಬಿಡಲಿ.



ಅಂಗಡಿಗೆ ಹೋದಾಗ ಬ್ರ್ಯಾಂಡಿಗಿಂತ ಮೊದಲು ಟೈರಿನ ಮಗ್ಗುಲು ಓದಬೇಕು. ‘215/60 ಆರ್ 16’ ಎಂಬ ಅಳತೆಯ ನಂತರ 95 ಎಂದಿದ್ದರೆ ಆ ಟೈರು ಹೊರಬಲ್ಲದ್ದು 690 ಕೆ.ಜಿ., 99 ಎಂದಿದ್ದರೆ 775. ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಅಂಕಿಯ ಟೈರನ್ನು ‘ಸೈಜ್ ಅದೇ ಐತ್ರಿ’ ಎಂದು ಕೊಟ್ಟರೆ ಬೇಡವೆನ್ನಬೇಕು. ಮಗ್ಗುಲಲ್ಲೇ ಇರುವ ತಯಾರಿಕೆಯ ಕೋಡಿನ ಕೊನೆಯ ನಾಲ್ಕು ಅಂಕಿ 2324 ಎಂದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ರಿಯಾಯಿತಿಯ ಗುಟ್ಟು ಎಷ್ಟೋ ಸಲ ಅಲ್ಲೇ ಇರುತ್ತದೆ. ಕೆಲವು ಟೈರಿನಲ್ಲಿ ‘ಟ್ರೆಡ್‌ವೇರ್ 400’ ಎಂದು ಅಚ್ಚಾಗಿರುತ್ತದೆ. ಅಮೆರಿಕದ ಪದ್ಧತಿಯ ಆ ಅಂಕಿಯನ್ನು ಕಂಪನಿಗಳು ತಾವೇ ಪರೀಕ್ಷಿಸಿ ಹಾಕಿಕೊಳ್ಳುವುದರಿಂದ ಒಂದು ಕಂಪನಿಯ 400ನ್ನು ಇನ್ನೊಂದರ 500ರ ಪಕ್ಕ ಇಟ್ಟು ತೂಗಲಾಗದು.

ಬಾಳಿಕೆಯ ಬಹುಪಾಲು ಇರುವುದು ಅಂಗಡಿಯ ಆಚೆ. ಮಧ್ಯಾಹ್ನದ ಬಿಸಿಲಲ್ಲಿ ಬಾದಾಮಿಯಿಂದ ಬಂದಿಳಿದು ಗಾಳಿ ಚೆಕ್ ಮಾಡಿಸಿ, ಹೆಚ್ಚಿದೆಯೆಂದು ತೆಗೆಸುವವರನ್ನು ನೋಡಿದ್ದೇನೆ. ಕಾದ ಟೈರಿನಲ್ಲಿ ಒತ್ತಡ ಏರಿರುವುದು ಸಹಜ. ಮರುದಿನ ಬೆಳಿಗ್ಗೆ ಅದೇ ಟೈರು ಗಾಳಿ ಸಾಲದೆ ಅಂಚಿನಲ್ಲಿ ಸವೆಯತೊಡಗುತ್ತದೆ. ಹೊರಡುವ ಮೊದಲೇ, ಟೈರು ತಣ್ಣಗಿರುವಾಗ, ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವಷ್ಟು ಗಾಳಿ ಹಾಕಿಸಬೇಕು. ಅಲೈನ್‌ಮೆಂಟ್ ತಪ್ಪಿದ ಗಾಡಿಗೆ ಎಂಥ ದುಬಾರಿ ಟೈರು ಹಾಕಿದರೂ ದಂಡ.

ಭಾರದ ಪ್ರಶ್ನೆಯನ್ನು ಮಾತ್ರ ಟೈರಿನವರ ತಲೆಗೆ ಕಟ್ಟಿ ನಾವು ಜಾರಿಕೊಳ್ಳುತ್ತೇವೆ. ದಿನಕ್ಕೆ ನಲವತ್ತು ಕಿಲೋಮೀಟರ್ ಓಡಾಡುವವನಿಗೆ ಐನೂರು ಕಿಲೋಮೀಟರಿನ ಬ್ಯಾಟರಿ ಯಾಕೆ? ವರ್ಷಕ್ಕೊಮ್ಮೆ ಬೆಂಗಳೂರಿಗೆ ಹೋಗುವ ಆಸೆಗಾಗಿ ಉಳಿದ ದಿನಗಳಲ್ಲೆಲ್ಲ ಆ ಹೆಚ್ಚಿನ ತೂಕವನ್ನು ಹೊತ್ತು ತಿರುಗುವುದು, ಟೈರು ಸವೆದಾಗ ರಬ್ಬರನ್ನು ಬೈಯುವುದು! ಚಿಕ್ಕ ಬ್ಯಾಟರಿಯ ಹಗುರ ಕಾರು ಕೊಂಡವನು ‘ಗಟ್ಟಿ ಟೈರ್ ಐತೇನ್ರಿ’ ಎಂದು ಅಂಗಡಿಯಿಂದ ಅಂಗಡಿಗೆ ಅಲೆಯುವ ಪ್ರಮೇಯ ಕಡಿಮೆ. ಶೋರೂಮಿನಲ್ಲಿ ಕಾರಿನ ರೇಂಜ್ ಎಷ್ಟೆಂದು ಕೇಳದವರಿಲ್ಲ, ತೂಕ ಎಷ್ಟೆಂದು ಕೇಳಿದವರನ್ನು ನಾನಂತೂ ಕಂಡಿಲ್ಲ.