ಅಂಚೆಯವನ ತಲೆಗೆ ಪೋಲೀಸು ಟೋಪಿ

ಪರಸ್ಥಳದಲ್ಲಿ ದುಡಿಯುವ ಮಗನಿಗೆ ತಾಯಿ ಬರೆಸಿದ ಕಾಗದವನ್ನು ಅಂಚೆಯವನು ಒಡೆದು ಓದಕೂಡದು. ಲಾರಿಗೆ ಹೇರಿದ ಮೂಟೆಯನ್ನು ಲಾರಿಯವನು ದಾರಿಯಲ್ಲಿ ಬಿಚ್ಚಿ ನೋಡಕೂಡದು. ಓದುಬರಹ ಬಾರದವರಿಗೂ ತಿಳಿದಿರುವ ಈ ನ್ಯಾಯವನ್ನು ಇಂಟರ್‌ನೆಟ್ಟಿನ ವಿಷಯದಲ್ಲಿ ಮಾತ್ರ ಮುರಿಯಬಹುದೆಂದು ದೊಡ್ಡ ದೊಡ್ಡ ಸಿನಿಮಾ ಮತ್ತು ಸಂಗೀತ ಕಂಪೆನಿಗಳು ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ವಾದಿಸುತ್ತ ಬಂದಿವೆ. ಮನೆಗೆ ತಂತಿ ಎಳೆದು ಇಂಟರ್‌ನೆಟ್ ಒದಗಿಸುವ ಕಂಪೆನಿಯೇ ತನ್ನ ಗಿರಾಕಿಯ ಮೇಲೆ ಕಣ್ಣಿಡಬೇಕಂತೆ. ಕದ್ದ ಸಿನಿಮಾ ಕಂಡರೆ ಎಚ್ಚರಿಸಬೇಕಂತೆ. ಮತ್ತೆ ಕಂಡರೆ ತಂತಿಯನ್ನೇ ಕತ್ತರಿಸಬೇಕಂತೆ. ಈ ಬೇಡಿಕೆಯನ್ನು ನಾವು ವಿರೋಧಿಸುತ್ತೇವೆ. ಏಕೆ ವಿರೋಧಿಸುತ್ತೇವೆಂಬುದನ್ನು ಹೇಳುವುದು ನಮ್ಮ ಕರ್ತವ್ಯ.

ಕಳ್ಳಪ್ರತಿಯ ವ್ಯಾಪಾರವನ್ನು ನಾವು ಸಮರ್ಥಿಸುತ್ತಿಲ್ಲ. ಒಂದು ಸಿನಿಮಾ ತಯಾರಾಗಬೇಕಾದರೆ ದೀಪ ಹಿಡಿಯುವವನು, ಬಡಗಿ, ದರ್ಜಿ, ವಾದ್ಯಗಾರ, ಹೀಗೆ ನೂರಾರು ಜನ ಬೆವರು ಸುರಿಸಿರುತ್ತಾರೆ. ಅವರ ಶ್ರಮದ ಫಲವನ್ನು ಕದ್ದು ಮಾರುವವನು ನಮ್ಮ ಗೆಳೆಯನಲ್ಲ. (ಬಂದ ಹಣದಲ್ಲಿ ಆ ಬಡಗಿಯ ಕೈಸೇರುವುದೆಷ್ಟು, ನಿರ್ಮಾಪಕನ ಪೆಟ್ಟಿಗೆ ಸೇರುವುದೆಷ್ಟು ಎಂಬುದು ಬೇರೆಯೇ ಲೇಖನಕ್ಕೆ ವಸ್ತು.) ಕಳ್ಳಪ್ರತಿಗೆ ಕಾನೂನಿದೆ, ಶಿಕ್ಷೆಯಿದೆ, ನ್ಯಾಯಾಲಯವಿದೆ. ಈಗಿನ ಪ್ರಶ್ನೆ ಕಳ್ಳನನ್ನು ಹಿಡಿಯಬೇಕೇ ಬೇಡವೇ ಎಂಬುದಲ್ಲ. ಕಳ್ಳನನ್ನು ಹುಡುಕುವ ನೆಪದಲ್ಲಿ ಊರಿನ ಮನೆಮನೆಯ ಕಿಟಕಿಗೂ ಒಬ್ಬ ಕಾವಲುಗಾರನನ್ನು ನಿಲ್ಲಿಸಬಹುದೇ ಎಂಬುದು.

ಈ ಹುಡುಕಾಟ ನಡೆಯುವ ಬಗೆಯನ್ನು ನಮ್ಮ ಓದುಗರು ಸ್ವಲ್ಪ ತಿಳಿಯಬೇಕು. ಟೊರೆಂಟ್ ಎಂಬ ವಿಧಾನದಲ್ಲಿ ಸಿನಿಮಾ ಇಳಿಸಿಕೊಳ್ಳುವವನು ಅದೇ ಹೊತ್ತಿಗೆ ಅದರ ಚೂರುಗಳನ್ನು ಇತರರಿಗೂ ಹಂಚುತ್ತಿರುತ್ತಾನೆ. ಸಿನಿಮಾ ಕಂಪೆನಿಗಳು ನೇಮಿಸಿದ ಗೂಢಚಾರರು ತಾವೂ ಆ ಗುಂಪಿಗೆ ನುಗ್ಗಿ, ಅಲ್ಲಿರುವವರ ಐಪಿ ವಿಳಾಸಗಳನ್ನು ಬರೆದುಕೊಳ್ಳುತ್ತಾರೆ. ಈ ವಿಳಾಸವೆಂದರೆ ಒಂದು ಸಂಖ್ಯೆ, ಅಷ್ಟೆ. ಆ ಸಂಖ್ಯೆ ಯಾವ ಗಿರಾಕಿಯದೆಂಬುದು ಇಂಟರ್‌ನೆಟ್ ಕಂಪೆನಿಯ ಲೆಕ್ಕದ ಪುಸ್ತಕದಲ್ಲಿ ಮಾತ್ರ ಇರುತ್ತದೆ. ಪುಸ್ತಕ ತೆರೆದು ಹೆಸರು ಕೊಡಿರೆಂದು ಅವರು ಕೇಳುವುದು ಆಗಲೇ. ಆದರೆ ಸಂಖ್ಯೆ ತೋರಿಸುವುದು ತಂತಿಯನ್ನು, ಮನುಷ್ಯನನ್ನಲ್ಲ. ಒಂದು ತಂತಿಯ ಮೇಲೆ ಮನೆಯ ಆರು ಜನ, ಮಹಡಿಯ ಬಾಡಿಗೆದಾರ, ವೈಫೈ ಗುಪ್ತಪದ ಕೇಳಿ ಪಡೆದ ನೆರೆಮನೆಯ ಹುಡುಗ, ಎಲ್ಲರೂ ಇರಬಹುದು. ನಮ್ಮ ದೇಶದ ಮೊಬೈಲ್ ಕಂಪೆನಿಗಳಂತೂ ಒಂದೇ ಸಂಖ್ಯೆಯನ್ನು ಏಕಕಾಲದಲ್ಲಿ ಅನೇಕ ಗಿರಾಕಿಗಳಿಗೆ ಹಂಚಿರುತ್ತವೆ.

ಫ್ರಾನ್ಸ್ ದೇಶ ಇದನ್ನು ಕಾನೂನು ಮಾಡಿಯೇ ನೋಡಿತು. 2009ರ ಮೇ ತಿಂಗಳಲ್ಲಿ ಅಲ್ಲಿಯ ಸಂಸತ್ತು ಒಪ್ಪಿದ ಮಸೂದೆಯ ಪ್ರಕಾರ ಹಡೋಪಿ ಎಂಬ ಸರಕಾರಿ ಕಚೇರಿ ಎರಡು ಬಾರಿ ಎಚ್ಚರಿಸಿ, ಆ ಮೇಲೂ ತಪ್ಪು ಕಂಡರೆ ಎರಡು ತಿಂಗಳಿನಿಂದ ಒಂದು ವರ್ಷದವರೆಗೆ ಇಂಟರ್‌ನೆಟ್ ಕತ್ತರಿಸಬಹುದಾಗಿತ್ತು. ನ್ಯಾಯಾಧೀಶನ ಮಾತೇ ಇಲ್ಲ! ಕತ್ತರಿಸಿದ ಅವಧಿಯಲ್ಲಿಯೂ ಗಿರಾಕಿ ಕಂಪೆನಿಗೆ ತಿಂಗಳ ಹಣ ಕಟ್ಟುತ್ತಲೇ ಇರಬೇಕು. ಅಂಗಡಿಗೆ ಬೀಗ ಜಡಿದು ಬಾಡಿಗೆ ವಸೂಲು ಮಾಡುವ ಈ ಜಾಣತನವನ್ನು ನಮ್ಮ ವರ್ತಕ ಮಿತ್ರರು ಗಮನಿಸಬೇಕು. ಅದೇ ಜೂನ್ 10ರಂದು ಅಲ್ಲಿಯ ಸಂವಿಧಾನ ಪರಿಷತ್ತು ಈ ಅಧಿಕಾರವನ್ನು ಕಿತ್ತುಹಾಕಿತು. ಮಾತಿನ ಸ್ವಾತಂತ್ರ್ಯವೆಂದರೆ ಈ ಕಾಲದಲ್ಲಿ ಇಂಟರ್‌ನೆಟ್ ಬಳಸುವ ಸ್ವಾತಂತ್ರ್ಯವೂ ಹೌದು, ಅದನ್ನು ಕಸಿಯುವ ಅಧಿಕಾರ ಒಂದು ಕಚೇರಿಗೆ ಸಲ್ಲದು, ಅಪರಾಧ ರುಜುವಾತಾಗುವವರೆಗೆ ಪ್ರಜೆ ನಿರಪರಾಧಿ ಎಂದು ಅದು ಎತ್ತಿಹಿಡಿಯಿತು. ಆಧಾರವಾಗಿ ತೆಗೆದುಕೊಂಡದ್ದು 1789ರ ಕ್ರಾಂತಿಯ ಕಾಲದ ಮಾನವ ಹಕ್ಕುಗಳ ಘೋಷಣೆಯನ್ನು.

ಸರಕಾರ ಸುಮ್ಮನಾಗಲಿಲ್ಲ. ಕತ್ತರಿಯನ್ನು ನ್ಯಾಯಾಧೀಶನ ಕೈಗೆ ಕೊಟ್ಟು, ಅದೇ ವರ್ಷ ಇನ್ನೊಂದು ಕಾನೂನು ತಂದಿತು. ಜೊತೆಗೆ ಒಂದು ಹೊಸ ಅಪರಾಧವೂ ಹುಟ್ಟಿತು: ತನ್ನ ತಂತಿಯನ್ನು ತಾನು ಕಾಯದೆ ಇರುವ ಅಪರಾಧ. ಯಾರು ಇಳಿಸಿಕೊಂಡರೆಂದು ತೋರಿಸಲಾಗದಿದ್ದರೆ ಹೋಗಲಿ, ತಂತಿ ಯಾರ ಹೆಸರಿನಲ್ಲಿದೆಯೋ ಅವನಿಗೆ ದಂಡ! ಈ ಯಂತ್ರದ ಮೊದಲ ಬಲಿ ಬಿದ್ದದ್ದು 2012ರ ಸೆಪ್ಟೆಂಬರಿನಲ್ಲಿ, ಬೆಲ್‌ಫೋರ್ ಪ್ರಾಂತದ ಹಳ್ಳಿಯೊಂದರ ಕಸಬುದಾರನ ಮೇಲೆ. ಹಾಡುಗಳನ್ನು ಇಳಿಸಿಕೊಂಡವಳು ತಾನೇ ಎಂದು ಅವನನ್ನು ಅಗಲುತ್ತಿದ್ದ ಹೆಂಡತಿ ಒಪ್ಪಿಕೊಂಡಳು. ಆದರೂ ಅವನಿಗೆ 150 ಯೂರೋ ದಂಡ ಬಿದ್ದಿತು. ದೊಡ್ಡ ಪ್ರಮಾಣದಲ್ಲಿ ಕಳ್ಳಪ್ರತಿ ಮಾರಿ ಲಕ್ಷಗಟ್ಟಲೆ ಗಳಿಸುವವನು ತನ್ನ ವಿಳಾಸ ಮರೆಮಾಚುವ ವಿದ್ಯೆ ಬಲ್ಲ. ಬಲೆಗೆ ಬೀಳುವವನು ಆ ವಿದ್ಯೆ ಬಾರದ ಸಾಮಾನ್ಯ ಗೃಹಸ್ಥ.

ಇಂಥವರ ವಿಳಾಸಗಳನ್ನು ಕಲೆಹಾಕುವ ಕೆಲಸ ನಾಂತ್ ನಗರದ ಟಿಎಂಜಿ ಎಂಬ ಖಾಸಗಿ ಕಂಪೆನಿಯದಾಗಿತ್ತು. 2011ರ ಮೇ ತಿಂಗಳಲ್ಲಿ ಆ ಕಂಪೆನಿಯ ಗಣಕದಿಂದಲೇ ಮಾಹಿತಿ ಸೋರಿ ಬೀದಿಗೆ ಬಂದಿತು. ಪ್ರಜೆಗಳೆಲ್ಲ ತಂತಿಗೆ ಭದ್ರವಾದ ಬೀಗ ಹಾಕಿಕೊಳ್ಳಿರೆಂದು ಗದರಿಸುತ್ತಿದ್ದವರ ಬಾಗಿಲಿಗೇ ಬೀಗವಿರಲಿಲ್ಲ. ಹಡೋಪಿ ಸ್ವಲ್ಪ ಕಾಲ ಆ ಕಂಪೆನಿಯೊಡನೆ ಸಂಪರ್ಕ ಕಡಿದುಕೊಳ್ಳಬೇಕಾಯಿತು. 2013ರ ಜುಲೈಯಲ್ಲಿ ತಂತಿ ಕಾಯದ ಅಪರಾಧಕ್ಕೆ ಇಂಟರ್‌ನೆಟ್ ಕತ್ತರಿಸುವ ಶಿಕ್ಷೆಯನ್ನೇ ಸರಕಾರ ತೆಗೆದುಹಾಕಿತು. ಲೆಕ್ಕವನ್ನೂ ನೋಡೋಣ. ಹತ್ತು ವರ್ಷಗಳಲ್ಲಿ ಈ ಕಚೇರಿಗೆ ಸುರಿದ ಸಾರ್ವಜನಿಕ ಹಣ ಸುಮಾರು 8 ಕೋಟಿ 20 ಲಕ್ಷ ಯೂರೋ, ದಂಡದಿಂದ ಬಂದದ್ದು ಸುಮಾರು 87 ಸಾವಿರ ಯೂರೋ ಎಂದು 2020ರಲ್ಲಿ ಅಲ್ಲಿಯ ಪತ್ರಿಕೆಗಳು ಬರೆದವು. ಇಂಥ ಜಮಾಖರ್ಚು ತೋರಿಸುವ ಗುಮಾಸ್ತನನ್ನು ನಮ್ಮ ಪೇಟೆಯ ಯಾವ ಮಂಡಿಯವರು ಇಟ್ಟುಕೊಂಡಾರು?

ಅಮೆರಿಕದಲ್ಲಿ ನಡೆದದ್ದು ಇನ್ನೊಂದು ಬಗೆ. ಹಾಡು ಕೇಳುವವರ ಹೆಸರುಗಳನ್ನು ನ್ಯಾಯಾಧೀಶನ ಆದೇಶವಿಲ್ಲದೆ, ಕೋರ್ಟಿನ ಗುಮಾಸ್ತನ ಮೊಹರಿನ ಬಲದಿಂದಲೇ ಪಡೆಯಲು ಸಂಗೀತ ಕಂಪೆನಿಗಳ ಸಂಘ ಯತ್ನಿಸಿತ್ತು. ಕೇವಲ ಸಾಗಣೆ ಮಾಡುವ ಕಂಪೆನಿಗೆ ಆ ಕಲಮು ಅನ್ವಯಿಸದೆಂದು 2003ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ತಡೆಯಿತು. ಆಗ ಅವರು ಕೋರ್ಟಿನ ಗೊಡವೆಯೇ ಬೇಡವೆಂದು 2011ರಲ್ಲಿ ಐದು ದೊಡ್ಡ ಇಂಟರ್‌ನೆಟ್ ಕಂಪೆನಿಗಳೊಡನೆ ಖಾಸಗಿ ಒಪ್ಪಂದ ಮಾಡಿಕೊಂಡರು. 2013ರಲ್ಲಿ ಅದು ಜಾರಿಗೆ ಬಂದಿತು. ಆರು ಎಚ್ಚರಿಕೆ, ಕೊನೆಕೊನೆಗೆ ವೇಗ ಇಳಿಸುವ ಶಿಕ್ಷೆ. ತಪ್ಪು ನನ್ನದಲ್ಲವೆಂದು ದೂರಲು ಗಿರಾಕಿ 35 ಡಾಲರು ಕಟ್ಟಬೇಕು. ಆರೋಪ ಹೊರಿಸಿದವನು ಏನನ್ನೂ ಸಿದ್ಧಪಡಿಸಿ ತೋರಿಸಬೇಕಾಗಿಲ್ಲ, ಆರೋಪಿಯೇ ಹಣ ತೆತ್ತು ತಾನು ನಿರಪರಾಧಿ ಎಂದು ತೋರಿಸಬೇಕು. ಐವರಲ್ಲಿ ಒಬ್ಬನಾದ ಕಾಮ್‌ಕಾಸ್ಟ್ ಸ್ವತಃ ಯೂನಿವರ್ಸಲ್ ಸಿನಿಮಾ ಕಂಪೆನಿಯ ಧಣಿ. ಫಿರ್ಯಾದಿ, ಪೋಲೀಸು, ತೀರ್ಪುಗಾರ ಮೂವರೂ ಒಂದೇ ಮನೆಯವರು! 2017ರ ಜನವರಿಯಲ್ಲಿ ಆ ಏರ್ಪಾಡನ್ನು ಅವರೇ ಮುಚ್ಚಿದರು.

ಬೆಲ್ಜಿಯಮಿನಲ್ಲಿ ಇನ್ನೂ ಮುಂದೆ ಹೋಗಿದ್ದರು. ಹರಿಯುವ ಸರಕನ್ನೆಲ್ಲ ಸೋಸುವ ಜರಡಿಯನ್ನು ಸ್ವಂತ ಖರ್ಚಿನಲ್ಲಿ ಕಟ್ಟಬೇಕೆಂದು ಸ್ಕಾರ್ಲೆಟ್ ಎಂಬ ಕಂಪೆನಿಗೆ 2007ರಲ್ಲಿ ಆದೇಶವಾಗಿತ್ತು. ಎಲ್ಲ ಗಿರಾಕಿಗಳನ್ನೂ ಸದಾಕಾಲ ಶೋಧಿಸುವ ಜರಡಿ ಕೂಡದೆಂದು ಯುರೋಪಿನ ನ್ಯಾಯಾಲಯ 2011ರ ನವೆಂಬರ್ 24ರಂದು ಹೇಳಿತು. ಆದರೆ ಅದೇ ನ್ಯಾಯಾಲಯ 2024ರ ಏಪ್ರಿಲಿನಲ್ಲಿ, ಫ್ರಾನ್ಸಿನ ಪ್ರಕರಣದಲ್ಲಿಯೇ, ಕೆಲವು ಕಟ್ಟುಪಾಡುಗಳೊಡನೆ ವಿಳಾಸದ ಹಿಂದಿನ ಹೆಸರನ್ನು ಸರಕಾರಿ ಕಚೇರಿ ಪಡೆಯಬಹುದೆಂದಿತು. ಒಮ್ಮೆ ಮುಚ್ಚಿದ ಬಾಗಿಲು ಹೀಗೆ ಸಂದು ಬಿಡುವುದೇ ನಮ್ಮ ಆತಂಕಕ್ಕೆ ಕಾರಣ.

ಇದೆಲ್ಲ ಹೊರದೇಶದ ಮಾತು, ನಮಗೇನೆಂದು ಯಾರೂ ಕೇಳಬೇಕಾಗಿಲ್ಲ. 2012ರಲ್ಲಿ ‘3’ ಎಂಬ ತಮಿಳು ಚಿತ್ರವೂ ಸೇರಿದ ವ್ಯಾಜ್ಯದಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಆದೇಶ ಹಿಡಿದು ಇಂಟರ್‌ನೆಟ್ ಕಂಪೆನಿಗಳು ವಿಮಿಯೋದಂಥ ಜಾಲತಾಣಗಳನ್ನು ಪೂರ್ತಿಯಾಗಿ ಮುಚ್ಚಿದುವು. ಕಳ್ಳಪ್ರತಿ ಇರುವ ಪುಟವನ್ನು ಮಾತ್ರ ತಡೆಯಿರೆಂದು ಜೂನ್ ತಿಂಗಳಲ್ಲಿ ನ್ಯಾಯಾಲಯವೇ ಸ್ಪಷ್ಟಪಡಿಸಬೇಕಾಯಿತು. ತಾವು ಸಿಕ್ಕಿಹಾಕಿಕೊಳ್ಳಬಾರದೆಂದು ಕಂಪೆನಿಗಳು ಬೆರಳು ಕೊಯ್ಯೆಂದರೆ ಕೈಯನ್ನೇ ಕೊಯ್ಯುತ್ತವೆ. ಜಾಲತಾಣದ ಬದಲು ಮನುಷ್ಯನ ತಂತಿ ಅವುಗಳ ಕತ್ತರಿಗೆ ಸಿಕ್ಕಿದರೆ ಏನಾದೀತು? ಕ್ಯೂಆರ್ ಚೀಟಿ ಅಂಟಿಸಿಕೊಂಡು ವ್ಯಾಪಾರ ಮಾಡುವ ತರಕಾರಿಯವನಿಗೆ ಇಂಟರ್‌ನೆಟ್ ಎಂದರೆ ತಕ್ಕಡಿ ಇದ್ದ ಹಾಗೆ. ಭವಿಷ್ಯನಿಧಿಯ ಲೆಕ್ಕ ನೋಡುವ ಗಿರಣಿ ಕೆಲಸಗಾರನಿಗೆ ಕಚೇರಿಯ ಬಾಗಿಲೇ ಅದು.

ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರು ಏಕಕಂಠದಿಂದ ಸಾರಿದ್ದಾರೆ. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಹೀಗಿದ್ದರೂ ಗಿರಾಕಿಗಳ ಸಂಪರ್ಕದ ದಾಖಲೆಯನ್ನು ಕನಿಷ್ಠ ಎರಡು ವರ್ಷ ಇಡಬೇಕೆಂದು 2021ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಕಂಪೆನಿಗಳಿಗೆ ವಿಧಿಸಿತು. ದೇಶದ ಭದ್ರತೆಗೆಂದು ಬರೆಸಿದ ಈ ಪುಸ್ತಕ ನಾಳೆ ಸಿನಿಮಾ ಧಣಿಗಳ ಮೇಜಿನ ಮೇಲೆ ತೆರೆದುಕೊಳ್ಳಬಾರದು. ಯಾರು ಕೇಳಿದರೂ, ನಿರ್ದಿಷ್ಟ ಮೊಕದ್ದಮೆಯಲ್ಲಿ ನ್ಯಾಯಾಧೀಶರ ಲಿಖಿತ ಆದೇಶವಿಲ್ಲದೆ ಗಿರಾಕಿಯ ಹೆಸರು ಕೊಡತಕ್ಕದ್ದಲ್ಲವೆಂದೂ, ಕೊಟ್ಟಲ್ಲಿ ಆ ಸಂಗತಿಯನ್ನು ಗಿರಾಕಿಗೆ ತಿಳಿಸತಕ್ಕದ್ದೆಂದೂ, ಯಾವ ಕಾರಣಕ್ಕೂ ಕಂಪೆನಿ ತಾನಾಗಿಯೇ ತಂತಿ ಕತ್ತರಿಸಕೂಡದೆಂದೂ ಕಾನೂನಿನಲ್ಲಿ ಬಾಯಿಬಿಟ್ಟು ಬರೆಯಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ಈ ಮೂರು ಮಾತುಗಳನ್ನು ನಮ್ಮ ಜಿಲ್ಲೆಯ ಸಂಸತ್ ಸದಸ್ಯರ ಮುಂದಿಡುವಂತೆ ಕಾರ್ಮಿಕ ಸಂಘಗಳನ್ನೂ ವರ್ತಕರ ಸಂಘವನ್ನೂ ಕೇಳಿಕೊಳ್ಳುತ್ತೇವೆ.