ಗೃಹಚಿಂತನ: ಎರೆಮಣ್ಣಿನ ಮನೆಗೂ ಒಂದು ಕಾಲವುಂಟು



ಲಗ್ನದ ದಿನಗಳು ಸಮೀಪಿಸಿದವೆಂದರೆ ನಮ್ಮ ಮನೆಗಳಲ್ಲಿ ಗಿಲಾವು, ಸುಣ್ಣ-ಬಣ್ಣಗಳ ಸಡಗರ ಮೊದಲಾಗುತ್ತದೆ. ಮಗಳ ಮದುವೆಗೆಂದು ಕೂಡಿಟ್ಟ ಹಣದಲ್ಲಿ ಒಂದು ಪಾಲು ಬೇಸಿಗೆಯಲ್ಲಿ ಬಿರುಕು ಮುಚ್ಚುವುದಕ್ಕೆ ಹೋಗುತ್ತದೆ. ಮಳೆಗಾಲದಲ್ಲಿ ಆ ಗಿಲಾವು ಉಬ್ಬಿ, ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಂಡು, ಮರುವರ್ಷ ಅದೇ ಬಿರುಕು ಮತ್ತೆ ಬಾಯ್ದೆರೆಯುತ್ತದೆ. ಆಗ ಮನೆಗೆ ದೋಷ ತಗುಲಿತೆಂದು ಶಾಂತಿ ಮಾಡಿಸುವವರೂ, ದಿಕ್ಕು ಸರಿಯಿಲ್ಲವೆಂದು ಬಾಗಿಲನ್ನೇ ಕೀಳಿಸುವವರೂ ನಮ್ಮಲ್ಲಿದ್ದಾರೆ. ಗಳಿಗೆ-ಮುಹೂರ್ತಗಳ ಭಯವನ್ನು ಶರಣರು 12ನೆಯ ಶತಮಾನದಲ್ಲಿಯೇ ತೊರೆದರು. ಅವರ ಹಾದಿಯಲ್ಲಿ ನಡೆಯಬಯಸುವ ನಾವು ದೋಷವನ್ನು ಗ್ರಹಗಳಲ್ಲಿ ಹುಡುಕದೆ ಕಾಲ ಕೆಳಗಿನ ಮಣ್ಣಿನಲ್ಲಿ ಹುಡುಕುವುದು ಉಚಿತ.

ನವಲಗುಂದ, ನರಗುಂದ, ರೋಣ, ವಿಜಯಪುರ ಸೀಮೆಗಳ ಎರೆಮಣ್ಣು ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವೇ ಇದಕ್ಕೆ ಕಾರಣ. ಹಿಂಗಾರಿ ಜೋಳಕ್ಕೆ ತಿಂಗಳುಗಟ್ಟಲೆ ತೇವ ಕಾಯ್ದುಕೊಡುವ ಮಣ್ಣೇ ಮನೆಯ ತಳಪಾಯವನ್ನು ಎತ್ತಿ ಇಳಿಸುತ್ತದೆ. ಆಳವಾದ ಎರೆಯಲ್ಲಿ ಋತುಮಾನದ ಈ ಏರುಪೇರು ಸುಮಾರು 3.5 ಮೀಟರ್ ಆಳದವರೆಗೂ ಇರಬಲ್ಲುದು. ಹೊರಗೋಡೆಯ ಬುಡದ ಮಣ್ಣು ಬೇಗ ತೊಯ್ದು ಬೇಗ ಒಣಗುತ್ತದೆ. ನಡುಮನೆಯ ಕೆಳಗಿನ ಮಣ್ಣು ಹಾಗಲ್ಲ. ಈ ಅಂತರವೇ ಗೋಡೆಯನ್ನು ಸೀಳುತ್ತದೆ.

ಆದುದರಿಂದ ಮೊದಲು ಮಾಡತಕ್ಕದ್ದು ದುರಸ್ತಿಯಲ್ಲ, ಪರಿಶೀಲನೆ. ಬಿರುಕಿನ ತುದಿಗೆ ಸೀಸದಕಡ್ಡಿಯಿಂದ ಗುರುತು ಹಾಕಿ ದಿನಾಂಕ ಬರೆಯಿರಿ. ತಿಂಗಳಿಗೊಮ್ಮೆ ಅಗಲವನ್ನು ಅಳೆಯಿರಿ. ಒಂದು ವರ್ಷ ಹೀಗೆ ನೋಡಿದರೆ ಋತುವಿನೊಡನೆ ತೆರೆದು ಮುಚ್ಚುವ ಬಿರುಕು ಯಾವುದೆಂದು ತಿಳಿಯುತ್ತದೆ. ಎಲ್ಲ ಕಾಲದಲ್ಲಿಯೂ ಬೆಳೆಯುತ್ತಲೇ ಇರುವ, ಗೋಡೆಯನ್ನೇ ವಾಲಿಸುವ ಬಿರುಕಿಗೆ ಮಾತ್ರ ವರ್ಷ ಕಾಯಕೂಡದು. ತಡಮಾಡದೆ ಎಂಜಿನಿಯರರಿಗೆ ತೋರಿಸಬೇಕು.

ಎರಡನೆಯದು ನೀರಿನ ವ್ಯವಸ್ಥೆ. ಇದನ್ನು ಮುಂಗಾರಿಗೆ ಮೊದಲೇ ಮುಗಿಸಬೇಕು. ಮಾಳಿಗೆಯ ನೀರಾಗಲಿ ಬಚ್ಚಲ ನೀರಾಗಲಿ ತಳಪಾಯದ ಬಳಿ ಇಂಗಬಾರದು. ಮನೆಯ ಸುತ್ತ ಒಂದೂವರೆ ಮೀಟರ್ ಅಗಲಕ್ಕೆ ಫರಸಿ ಹಾಸಿ, ಸಂದುಗಳನ್ನು ಮುಚ್ಚಿ, ಹೊರಕ್ಕೆ ಇಳಿಜಾರು ಕೊಟ್ಟರೆ ಲೇಸು. ಗೋಡೆಗೆ ಹತ್ತಿರ ದೊಡ್ಡ ಮರ ಬೆಳೆಸುವುದು ಬೇಡ. ಬೇಸಿಗೆಯಲ್ಲಿ ಉಳಿದ ತೇವವನ್ನೂ ಅದರ ಬೇರು ಹೀರುತ್ತದೆ.

ಬಿರುಕು ಮುಚ್ಚಲು, ಗಿಲಾವು ಮಾಡಿಸಲು ತಕ್ಕ ಕಾಲ ಹಿಂಗಾರಿ ಮಳೆ ನಿಂತ ಮೇಲೆ, ನೆಲ ಬಿರಿಯುವ ಮೊದಲು. ಎಂದರೆ ಕಾರ್ತಿಕದಿಂದ ಪುಷ್ಯದವರೆಗೆ. ಆಗ ಮಣ್ಣು ಅತಿಯಾಗಿ ಹಿಗ್ಗಿಯೂ ಇರುವುದಿಲ್ಲ, ಅತಿಯಾಗಿ ಕುಗ್ಗಿಯೂ ಇರುವುದಿಲ್ಲ. ಮುಂದೆ ಕೂದಲೆಳೆಯಷ್ಟು ಗೆರೆ ಕಂಡರೂ ಅಂಜಬೇಕಾಗಿಲ್ಲ.

ಹೊಸ ಕೋಣೆ ಕೂಡಿಸುವವರು ಹೊಸ ಗೋಡೆಯನ್ನು ಹಳೆಯದಕ್ಕೆ ಕಚ್ಚಿಸದೆ ನಡುವೆ ಸಂದು ಬಿಡಬೇಕು. ಅಡಿಪಾಯದ ಗುಂಡಿಯನ್ನು ಬಿಸಿಲಿಗೂ ಮಳೆಗೂ ಬಹುಕಾಲ ತೆರೆದಿಡಬಾರದು. ತೆಗೆದ ಎರೆಯನ್ನೇ ಮರಳಿ ತುಂಬದೆ ಗರಸು ತುಂಬಿ ದಮ್ಮಸು ಮಾಡಿಸಬೇಕು. ಇಂಥ ಮಣ್ಣಿಗಾಗಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ, ಬುಡದಲ್ಲಿ ಅಗಲಗೊಳ್ಳುವ ಕಂಬದ ಅಡಿಪಾಯದ ಬಗೆಗೂ ಎಂಜಿನಿಯರರನ್ನು ವಿಚಾರಿಸಬಹುದು.

ಗೋಡೆಯ ಮೇಲಿನ ಗೆರೆ ಕಂಡು ಬೀಗರು ಏನೆಂದಾರೋ ಎಂಬ ಅಳುಕಿನಿಂದ ನಾವು ಸಾಲ ಮಾಡುವುದು ಬೇಡ. ಆ ಹಣ ಬಣ್ಣದಲ್ಲಿ ಕರಗುವುದರ ಬದಲು ಮನೆಯ ಬುಡದ ನೀರನ್ನು ಹೊರಗೆ ಹರಿಸಲು ವೆಚ್ಚವಾಗಲಿ. ಮದುವೆ ಒಂದು ದಿನದ್ದು. ಬಂದವರಿಗೆ ದಾಸೋಹ ನಡೆಸುವ ಮನೆ ಮೊಮ್ಮಕ್ಕಳ ಕಾಲಕ್ಕೂ ನಿಲ್ಲಬೇಕಾದದ್ದು.